ರಾಜಧನ ನಿಂತಿತು, ರಾಜರ ಕೆಲಸ ನಿಲ್ಲಲಿಲ್ಲ

ಮೈಸೂರಿನಲ್ಲಿ ಅರಮನೆಯವರ ಬಗ್ಗೆ ಅಭಿಪ್ರಾಯ ಇಲ್ಲದವರನ್ನು ನಾನಿನ್ನೂ ನೋಡಿಲ್ಲ. ದಸರಾ ಹತ್ತಿರ ಬಂತೆಂದರೆ ಇದು ಇನ್ನೂ ಜೋರು. ಆಟೋದವರು, ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವವರು, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವ ನಿವೃತ್ತ ಮೇಷ್ಟ್ರುಗಳು, ಎಲ್ಲರ ಹತ್ತಿರವೂ ಒಂದು ಹೊಗಳಿಕೆ, ಒಂದು ದೂರು ಸಿದ್ಧ ಇರುತ್ತದೆ. 'ಜನರ ಕೈಗೇ ಸಿಗೋದಿಲ್ಲ' ಅಂತ ಒಬ್ಬರು. 'ಎಲ್ಲಾ ಕಡೆ ಕಾಣಿಸಿಕೊಂಡ್ರೆ ರಾಜರಿಗೆ ಬೆಲೆ ಇರುತ್ತಾ?' ಅಂತ ಇನ್ನೊಬ್ಬರು. ಎರಡನ್ನೂ ಒಬ್ಬರೇ ಹೇಳಿದ್ದನ್ನೂ ಕೇಳಿದ್ದೇನೆ, ಒಂದೇ ಕಾಫಿ ಮುಗಿಯುವುದರೊಳಗೆ.

ಇವರು ಯಾರೂ ರಾಜರ ಆಳ್ವಿಕೆ ವಾಪಸ್ ಬರಲಿ ಅನ್ನುವವರಲ್ಲ. ಚುನಾವಣೆ ಬಂದರೆ ಸಾಲಿನಲ್ಲಿ ನಿಂತು ಓಟು ಹಾಕುತ್ತಾರೆ, ಗೆದ್ದವರನ್ನು ಮರುದಿನದಿಂದಲೇ ಬೈಯುತ್ತಾರೆ. ಆದರೆ ಅರಮನೆ ಅಂದ ತಕ್ಷಣ ದನಿ ಬದಲಾಗುತ್ತದೆ. ಮನೆಯ ಹಿರಿಮಗನ ಮೇಲೆ ಇರುತ್ತಲ್ಲ, ಅಂಥ ಹಕ್ಕು ಬಂದುಬಿಡುತ್ತದೆ.

ಯಾಕೆ ಅಂತ ತಿಳಿಯಲು ಈ ಊರಿನ ಹೆಸರುಗಳನ್ನು ಓದಿದರೆ ಸಾಕು. ಇಲ್ಲಿ ಒಬ್ಬ ಮನುಷ್ಯ ಚೆಲುವಾಂಬ ಆಸ್ಪತ್ರೆಯಲ್ಲಿ ಹುಟ್ಟಿ, ವಾಣಿ ವಿಲಾಸ ವಾಟರ್ ವರ್ಕ್ಸ್‌ನ ನೀರು ಕುಡಿದು, ಮಹಾರಾಜ ಕಾಲೇಜಿನಲ್ಲಿ ಓದಿ, ಕೃಷ್ಣರಾಜ ಮೊಹಲ್ಲಾದಲ್ಲಿ ಸಂಸಾರ ಮಾಡಿ, ಕೊನೆಗೆ ಕೆ.ಆರ್. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಬಹುದು. ಇಡೀ ಜೀವನ ಒಂದೇ ಮನೆತನದ ಹೆಸರುಗಳ ಒಳಗೇ ಮುಗಿದುಹೋಗುತ್ತದೆ. ಆ ಮನೆಯವರು ಈಗ ಏನು ಮಾಡುತ್ತಿದ್ದಾರೆ ಅಂತ ಕುತೂಹಲ ಪಡಬೇಡ ಅಂದರೆ ಹೇಗೆ?

ಕಾಗದದ ಮೇಲೆ ಈ ಸಂಬಂಧ ಮುಗಿದು ಬಹಳ ಕಾಲವಾಯಿತು. 1947ರ ಅಕ್ಟೋಬರಿನಲ್ಲಿ 'ಮೈಸೂರು ಚಲೋ' ಚಳವಳಿಗೆ ಮಣಿದು ಜಯಚಾಮರಾಜೇಂದ್ರ ಒಡೆಯರ್ ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಆಮೇಲೆ ಮಹಾರಾಜರು ರಾಜಪ್ರಮುಖರಾದರು (ರಾಜ್ಯಪಾಲರಂಥದೇ ಹುದ್ದೆ), 1956ರಿಂದ ಮೈಸೂರು ರಾಜ್ಯದ ರಾಜ್ಯಪಾಲರಾದರು, 1964ರಲ್ಲಿ ಮದ್ರಾಸಿಗೂ ರಾಜ್ಯಪಾಲರಾಗಿ ಹೋದರು. ಅಲ್ಲಿವರೆಗೂ ಮಾಡಲು ಒಂದು ಕೆಲಸ ಅಂತ ಇತ್ತು. ರಾಜ್ಯ ಬಿಟ್ಟುಕೊಟ್ಟದ್ದಕ್ಕೆ ಸರ್ಕಾರ ಕೊಡುತ್ತಿದ್ದ ರಾಜಧನವೂ ವರ್ಷಕ್ಕೆ 26 ಲಕ್ಷ ರೂಪಾಯಿ ಬರುತ್ತಿತ್ತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂತು. (26 ಲಕ್ಷ, 26ನೇ ತಿದ್ದುಪಡಿ. ಇಂಥ ಜೋಡಿ ಸಂಖ್ಯೆ ಸಿಕ್ಕರೆ ನಮ್ಮೂರಿನ ಹರಟೆಕಟ್ಟೆಗೆ ಹಬ್ಬ.) ರಾಜಧನ ಹೋಯಿತು, ಬಿರುದೂ ಹೋಯಿತು. ಅದೇ ದಶಕದಲ್ಲಿ ದಸರಾ ಸರ್ಕಾರದ ನಾಡಹಬ್ಬವಾಯಿತು. 750 ಕೆ.ಜಿ. ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಜಾಗಕ್ಕೆ ಚಾಮುಂಡೇಶ್ವರಿ ಬಂದಳು. ಈಗ ಪುಷ್ಪಾರ್ಚನೆ ಮಾಡಿ ಮೆರವಣಿಗೆಗೆ ಚಾಲನೆ ಕೊಡುವವರು ಮುಖ್ಯಮಂತ್ರಿ.

ಅಂದರೆ ಸರ್ಕಾರ ತನ್ನ ಕಡೆಯಿಂದ ಲೆಕ್ಕ ಚುಕ್ತಾ ಮಾಡಿತು. ಜನ ಮಾಡಲಿಲ್ಲ. ಸಂಬಳ ನಿಲ್ಲಿಸಿದ ಮೇಲೂ ಕೆಲಸಕ್ಕೆ ಬರಬೇಕು ಅಂತ ಕಾಯುತ್ತಿರುವವರು ನಾವು. ಆ ಕೆಲಸ ಏನು ಅಂತ ಮಾತ್ರ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಪಟ್ಟಿ.

ನಮ್ಮ ಚಿಕ್ಕಮ್ಮನ ಪಟ್ಟಿ ನನಗೆ ಚೆನ್ನಾಗಿ ಗೊತ್ತು. 2015ರ ದಸರಾದಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಮೊದಲ ಸಲ ಖಾಸಗಿ ದರ್ಬಾರ್ ನಡೆಸಿದರು. ಅವರಿಗೆ ಆಗ 23 ವರ್ಷ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಅರ್ಥಶಾಸ್ತ್ರ, ಇಂಗ್ಲಿಷ್ ಓದಿ ಬಂದಿದ್ದ ಹುಡುಗ. ಮೇ ತಿಂಗಳಲ್ಲಷ್ಟೇ ಪಟ್ಟಾಭಿಷೇಕವಾಗಿತ್ತು. ಚಿಕ್ಕಮ್ಮ ಟಿ.ವಿ. ಮುಂದೆ ಕೂತು, ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಾ ನೋಡುತ್ತಿದ್ದರು. ಹೊಗಳುಭಟರು 'ಬಹುಪರಾಕ್' ಅನ್ನುತ್ತಿದ್ದಾರೆ. ಹುಡುಗ ಮೆಟ್ಟಿಲು ಹತ್ತಿ ಚಿನ್ನದ ಸಿಂಹಾಸನದ ಮುಂದೆ ನಿಂತು ಬಲಗೈ ಎತ್ತಿ ವಂದಿಸಿದ. ಹಳೇ ಸಂಸ್ಥಾನದ ಗೀತೆ ನುಡಿಸುತ್ತಿದ್ದಷ್ಟು ಹೊತ್ತೂ ಆ ಕೈ ಹಾಗೇ ಇತ್ತು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

'ಒಂಚೂರೂ ನಗೋದಿಲ್ವಲ್ಲೇ, ಪಾಪ' ಅಂದರು ಚಿಕ್ಕಮ್ಮ.

ಮುಂದೆ ಯಾವುದೋ ವರ್ಷದ ದರ್ಬಾರಿನ ಒಂದು ವಿಡಿಯೋ ಅವರ ಫೋನಿಗೆ ಬಂತು. ಇಳಿದು ಬರುವಾಗ ಯಾರನ್ನೋ ನೋಡಿ ಯದುವೀರರ ಮುಖದಲ್ಲಿ ಸಣ್ಣ ನಗು. ಚಿಕ್ಕಮ್ಮನಿಗೆ ಅದೂ ಸರಿ ಕಾಣಲಿಲ್ಲ. 'ಸಿಂಹಾಸನದ ಹತ್ರ ಹಾಗೆಲ್ಲ ನಗಬಾರದು ಕಣೇ.' ನಾನು ಹಳೇ ಮಾತು ನೆನಪಿಸಿದೆ. 'ಆಗ ಹುಡುಗ, ಈಗ ಮಹಾರಾಜ' ಅಂದರು. ಅವರ ತರ್ಕಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನವರಾತ್ರಿಯ ಪಾಡ್ಯದಂದು ಕಂಕಣ ಕಟ್ಟಿದ ಮೇಲೆ ಯದುವೀರರಿಗೂ ಅವರ ಪತ್ನಿಗೂ ನೇಮ ನಿಷ್ಠೆ ಶುರು. ಪೂಜೆ, ಪಟ್ಟದ ಆನೆ, ಪಟ್ಟದ ಕುದುರೆ, ಆಯುಧಪೂಜೆ, ವಿಜಯದಶಮಿಯ ಬೆಳಿಗ್ಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ, ಆಮೇಲೆ ಬನ್ನಿ ಪೂಜೆ. ಹೆಸರಿಗೆ ಖಾಸಗಿ. ಕ್ಯಾಮೆರಾ ಮಾತ್ರ ಎಲ್ಲ ಕಡೆ. ಪತ್ನಿ ತ್ರಿಷಿಕಾ ಕುಮಾರಿ ಅವರು ಗಂಡನ ಪಾದಪೂಜೆ ಮಾಡುವ ದೃಶ್ಯ ಪ್ರತಿ ವರ್ಷ ಹರಿದಾಡುತ್ತದೆ. ಅದರ ಕೆಳಗಿನ ಕಾಮೆಂಟುಗಳಲ್ಲಿ ಎರಡು ಪಕ್ಷ. ಒಂದು ಕಡೆಯವರಿಗೆ ಇದು ನಮ್ಮ ಸಂಸ್ಕೃತಿ, ಎಲ್ಲ ಹೆಂಗಸರೂ ನೋಡಿ ಕಲಿಯಬೇಕು. ಇನ್ನೊಂದು ಕಡೆಯವರಿಗೆ ಓದಿದ ಹೆಣ್ಣುಮಗಳು ಈ ಕಾಲದಲ್ಲಿ ಹೀಗಾ ಅಂತ ಸಿಟ್ಟು. ನನಗೆ ಮೊದಲನೆಯವರ ಉಪದೇಶ ಹಿಡಿಸುವುದಿಲ್ಲ. ಎರಡನೆಯವರ ಸಿಟ್ಟು ಅರ್ಥವಾಗುತ್ತದೆ, ಆದರೆ ಅದರಲ್ಲೂ ಆಕೆ ನಮ್ಮ ಪರವಾಗಿ ಏನನ್ನೋ ಮಾಡಿ ತೋರಿಸಬೇಕು ಅನ್ನುವ ಹುಕುಂ ಇದೆ. ಆಕೆಗೆ ಏನನ್ನಿಸುತ್ತದೆ ಅಂತ ಎರಡೂ ಕಡೆಯವರು ಕೇಳುವುದಿಲ್ಲ.

ಈ ಪಟ್ಟಿಗಳೆಲ್ಲ ಎಲ್ಲಿಂದ ಬಂದವು? ಮೈಸೂರಿನವರನ್ನು ಕೇಳುವುದಕ್ಕಿಂತ ಮಂಡ್ಯದ ಕಡೆ ಹೋಗಿ ಕೇಳುವುದು ಒಳ್ಳೆಯದು. ಮೈಸೂರಿಗೆ ಅರಮನೆ ಅಂದರೆ ದೀಪ, ಆನೆ, ಪ್ರವಾಸಿಗಳು. ಮಂಡ್ಯಕ್ಕೆ ಅರಮನೆ ಅಂದರೆ ನೀರು.

ನಮ್ಮಜ್ಜಿಯ ಊರು ಪಾಂಡವಪುರ ತಾಲ್ಲೂಕು. ಅವರ ಮನೆಯ ನಡುಮನೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೋ ಇತ್ತು. ತಿಮ್ಮಪ್ಪನ ಎಡಕ್ಕೆ, ಲಕ್ಷ್ಮಿಯ ಬಲಕ್ಕೆ. ಗಾಜಿನ ಒಳಗೆ ಒಂದು ಮೂಲೆಯಲ್ಲಿ ಗೆದ್ದಲು ಹಿಡಿದು ಪೇಟದ ತುದಿ ಮಾಸಿಹೋಗಿತ್ತು. ಶುಕ್ರವಾರ ಎಲ್ಲ ಫೋಟೋಗಳಿಗೂ ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು. 'ಮಾರಾಜ್ರು ಕಟ್ಟೆ ಕಟ್ಟಿಸ್ದೆ ಇದ್ದಿದ್ರೆ ನಾವು ಅನ್ನ ಕಾಣ್ತಿದ್ದಿದ್ದು ಹಬ್ಬಕ್ಕೇಯ ಕಣವ್ವ' ಅನ್ನುತ್ತಿದ್ದರು. ಕೆ.ಆರ್.ಎಸ್. ಅನ್ನುವ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ, ಅಷ್ಟೇ.

ಆ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. 1911ರಲ್ಲಿ ಕಟ್ಟೆಯ ಕೆಲಸ ಶುರುವಾಗುವ ಮುಂಚೆ ಈ ಸೀಮೆ ಬಹುಪಾಲು ಮಳೆ ನಂಬಿದ ರಾಗಿ ಸೀಮೆ. ಕಟ್ಟೆ ಮುಗಿದು, ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದು, 1933ರಲ್ಲಿ ಮೈಷುಗರ್ ಕಂಪನಿ ಬಂದು, 1939ರಲ್ಲಿ ಮಂಡ್ಯ ಅನ್ನುವ ಜಿಲ್ಲೆಯೇ ಆಯಿತು. ಒಂದು ತಲೆಮಾರಿನಲ್ಲಿ ರಾಗಿಮುದ್ದೆಯ ಜೊತೆ ಅನ್ನ ಬಂತು, ಬೆಲ್ಲ ಬಂತು, ಕೈಯಲ್ಲಿ ಕಾಸು ಬಂತು. ಇದನ್ನೆಲ್ಲ ಕಣ್ಣಾರೆ ಕಂಡವರು ಫೋಟೋಕ್ಕೆ ಕುಂಕುಮ ಇಟ್ಟರೆ ಅಂಧಭಕ್ತಿ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇದರ ಜೊತೆಗೆ ಒಂದು ಕಥೆಯಿದೆ. ಕಟ್ಟೆಗೆ ದುಡ್ಡು ಸಾಲದೆ ಬಂದಾಗ ಮಹಾರಾಣಿಯವರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು, ಅದನ್ನು ಮಾರಿ ಕಲ್ಲು ಗಾರೆಗೆ ಹಾಕಿದರು ಅಂತ. ಮಂಡ್ಯದಲ್ಲಿ ಈ ಕಥೆ ಗೊತ್ತಿಲ್ಲದ ಮಗು ಇಲ್ಲ. ವೇದಿಕೆ ಭಾಷಣಗಳಲ್ಲಂತೂ ಇದಿಲ್ಲದೆ ಕಟ್ಟೆಯ ಮಾತು ಮುಗಿಯುವುದೇ ಇಲ್ಲ. ನನಗೆ ಈ ಕಥೆಯಲ್ಲಿ ಕಾಣುವುದು ಬೇರೆ. ಸಂಸ್ಥಾನದ ಬೊಕ್ಕಸದಿಂದ ಖರ್ಚಾದ ದುಡ್ಡನ್ನು ಯಾರೂ ನೆನೆಯುವುದಿಲ್ಲ, ಅದು ಕಂದಾಯ ಕಟ್ಟಿದ ರೈತನದೇ ದುಡ್ಡಾದರೂ. ನೆನಪಿನಲ್ಲಿ ಉಳಿದದ್ದು ಒಡವೆ. ಅರಮನೆಯವರು ತಮ್ಮ ಸ್ವಂತದ್ದನ್ನು ಕಳೆದುಕೊಂಡು ನಮಗೆ ಕೊಡಬೇಕು ಅನ್ನುವ ಅಳತೆಗೋಲು ಅಲ್ಲೇ ತಯಾರಾಯಿತು. ಆಮೇಲೆ ಬಂದವರೆಲ್ಲ ಆ ಕೋಲಿನ ಮುಂದೆ ನಿಲ್ಲಬೇಕು. ಯಾರೂ ಅಷ್ಟು ಎತ್ತರ ಬರುವುದಿಲ್ಲ. ಬರಲು ಸಾಧ್ಯವೂ ಇಲ್ಲ, ಅವರ ಕೈಯಲ್ಲಿ ಈಗ ಕಟ್ಟೆ ಕಟ್ಟಿಸುವ ಅಧಿಕಾರವೇ ಇಲ್ಲವಲ್ಲ.

ಇನ್ನು ಆ ನೆನಪಿನಿಂದ ಬಿಟ್ಟುಹೋದದ್ದೂ ಕಡಿಮೆಯೇನಲ್ಲ. ಕಟ್ಟೆಯ ನೀರಿನಲ್ಲಿ ಹಳೇ ಕನ್ನಂಬಾಡಿ ಊರೇ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಈಚೆಗೆ ಹೊಸ ಜಾಗದಲ್ಲಿ ಮತ್ತೆ ಕಟ್ಟಿದರು, ಪ್ರವಾಸಿಗಳು ಈಗ ಸೂರ್ಯಾಸ್ತದ ಫೋಟೋ ತೆಗೆಯಲು ಹೋಗುತ್ತಾರೆ. ಮನೆ ಹೊಲ ಬಿಟ್ಟು ಎದ್ದು ಹೋದವರ ಫೋಟೋ ಯಾರ ಗೋಡೆಯಲ್ಲೂ ಇಲ್ಲ. ಮದ್ದೂರಿನ ಪಕ್ಕ ಶಿವಪುರ ಇದೆ. 1938ರ ಏಪ್ರಿಲಿನಲ್ಲಿ ಅಲ್ಲಿ ಕಾಂಗ್ರೆಸ್ಸಿನವರು ಸಂಸ್ಥಾನದ ನಿಷೇಧ ಮೀರಿ ತ್ರಿವರ್ಣ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಜನ ಸತ್ತರು. ಆಗ ಸಿಂಹಾಸನದಲ್ಲಿ ಇದ್ದವರು ಯಾರು? ಇದೇ ನಾಲ್ವಡಿ. ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಹೆಮ್ಮೆಯಿಂದ ನಿಲ್ಲುವ ಮದ್ದೂರಿನವರ ಮನೆಯಲ್ಲೂ ನಾಲ್ವಡಿಯವರ ಫೋಟೋ ಇರುತ್ತದೆ. ಎರಡಕ್ಕೂ ಜಾಗ ಮಾಡಿಕೊಂಡಿದ್ದಾರೆ. ಬೈಗುಳವೆಲ್ಲ ದಿವಾನರ ಲೆಕ್ಕಕ್ಕೆ, ಹೊಗಳಿಕೆಯೆಲ್ಲ ಮಹಾರಾಜರ ಲೆಕ್ಕಕ್ಕೆ. ದಿವಾನ ಅನ್ನುವ ಹುದ್ದೆಯ ದೊಡ್ಡ ಅನುಕೂಲ ಇದೇ ಇರಬೇಕು. ಈಗಿನ ಮುಖ್ಯಮಂತ್ರಿಗಳಿಗೆ ಆ ಭಾಗ್ಯ ಇಲ್ಲ.

ಒಂದು ಮಾತು ಸೇರಿಸಬೇಕು. ನಾಲ್ವಡಿ ಹುಡುಗರಾಗಿದ್ದಾಗ ರಾಜ್ಯ ನಡೆಸಿದವರು ಅವರ ತಾಯಿ, ವಾಣಿ ವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. 1894ರ ಕೊನೆಯಲ್ಲಿ ಗಂಡ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡರು. ಆಮೇಲೆ 1902ರವರೆಗೆ ಎಳೆಯ ಮಗನ ಪರವಾಗಿ ಅಧಿಕಾರ ಇವರದು. ಹಳೇ ಅರಮನೆ ಸುಟ್ಟುಹೋಗಿದ್ದು, ಹೊಸದಕ್ಕೆ ಕೆಲಸ ಶುರುವಾಗಿದ್ದು, ಶಿವನಸಮುದ್ರದ ವಿದ್ಯುತ್ ಯೋಜನೆ ಕೈಗೆತ್ತಿಕೊಂಡಿದ್ದು, ಎಲ್ಲವೂ ಇವರ ಕಾಲದಲ್ಲೇ. ಆದರೂ ಭಾಷಣಗಳಲ್ಲಿ ಇವರಿಗೆ ಒಂದು ಸಾಲು. ಮಹಾರಾಣಿ ಅಂದರೆ ಒಡವೆ ಬಿಚ್ಚಿಕೊಟ್ಟವರು ಅನ್ನುವುದು ನಮಗೆ ಹೆಚ್ಚು ರುಚಿಸುತ್ತದೆ. ಕಡತಕ್ಕೆ ಸಹಿ ಹಾಕಿದವರು ಅಂದರೆ ಅಷ್ಟು ರುಚಿಸುವುದಿಲ್ಲ.

ಅರಮನೆಯ ಹೆಣ್ಣುಮಕ್ಕಳ ಮೇಲಿನ ನಿರೀಕ್ಷೆ ಯಾವತ್ತೂ ಬೇರೆ ಥರದ್ದು. ಅದರ ಬುಡದಲ್ಲಿ, ಮೈಸೂರು ದೊರೆಗಳಿಗೆ ಶಾಪ ಕೊಟ್ಟಳು ಅನ್ನುವ ಅಲಮೇಲಮ್ಮ ಇದ್ದಾಳೆ. 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.' ನಾಲ್ಕು ಶತಮಾನದ ಹಿಂದಿನ ಈ ಶಾಪವನ್ನು ಈ ಕಡೆಯ ಯಾರನ್ನು ಕೇಳಿದರೂ ಬಾಯಿಪಾಠ ಹೇಳುತ್ತಾರೆ. ಆಮೇಲೆ ಬೆರಳು ಮಡಚಿ ಲೆಕ್ಕ ಶುರು: ಮುಮ್ಮಡಿಯವರು ದತ್ತು ತಗೊಂಡರು, ನಾಲ್ವಡಿಗೆ ಮಕ್ಕಳಿರಲಿಲ್ಲ, ತಮ್ಮನ ಮಗ ಜಯಚಾಮರಾಜರು ಬಂದರು, ಅವರ ಮಗ ಶ್ರೀಕಂಠದತ್ತರಿಗೂ ಇಲ್ಲ. ಶ್ರೀರಂಗಪಟ್ಟಣದ ಗೈಡುಗಳು ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ, ಟಿಪ್ಸ್ ಜಾಸ್ತಿ ಬರುವ ಭಾಗ ಇದೇ.

ಕಥೆಯಾಗಿ ನನಗೂ ಇಷ್ಟವೇ. ಆದರೆ ಕಥೆಯ ಒಳಗೆ ಇವತ್ತಿನ ಮನುಷ್ಯರಿದ್ದಾರೆ ಅನ್ನುವುದು ನಮಗೆ ಮರೆತುಹೋಗುತ್ತದೆ. 2013ರ ಡಿಸೆಂಬರ್ 10ರಂದು ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡರು. ಕೆಲವೇ ದಿನ ಮುಂಚೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಗೆದ್ದಿದ್ದರು. ಊರೆಲ್ಲ ಅತ್ತಿತು, ನಿಜ. ಆದರೆ ಅಂತಿಮ ದರ್ಶನದ ಸಾಲಿನಲ್ಲೇ ಜನ ಮಾತಾಡುತ್ತಿದ್ದದ್ದು ಒಂದೇ ವಿಷಯ. ಮುಂದೆ ಯಾರು? ಗಂಡನನ್ನು ಕಳೆದುಕೊಂಡ ಪ್ರಮೋದಾದೇವಿ ಒಡೆಯರ್ ಅವರಿಗೆ ಆ ಪ್ರಶ್ನೆ ಎಷ್ಟು ಸಲ, ಎಷ್ಟು ಬಾಯಲ್ಲಿ ಬಂದಿರಬಹುದು. ದತ್ತು ಯಾವಾಗ, ಯಾರನ್ನು, ಯಾಕೆ ತಡ? ನಮ್ಮ ಬೀದಿಯ ಹಾಲಿನ ಬೂತಿನಲ್ಲೂ ಅಭ್ಯರ್ಥಿಗಳ ಚರ್ಚೆ ನಡೆಯುತ್ತಿತ್ತು. 2014ರ ದಸರಾದಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿ ಇಟ್ಟು ಪೂಜೆ ಮಾಡಿದರು. 2015ರ ಫೆಬ್ರವರಿಯಲ್ಲಿ ಶ್ರೀಕಂಠದತ್ತರ ಅಕ್ಕನ ಮೊಮ್ಮಗ ಯದುವೀರರನ್ನು ದತ್ತು ಪಡೆದರು. ಮಾತು ಅಲ್ಲಿಗೂ ನಿಲ್ಲಲಿಲ್ಲ. 2016ರ ಜೂನಿನಲ್ಲಿ ಯದುವೀರರ ಮದುವೆಯಾಯಿತು. ಊಟದ ಎಲೆ ಎತ್ತುವುದರೊಳಗೆ ಶುರು: ಇನ್ನೂ ವಿಶೇಷ ಇಲ್ವಾ? 2017ರ ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿದಾಗ ಸುದ್ದಿಮನೆಗಳು ಹಾಕಿದ ತಲೆಬರಹ 'ಶಾಪ ವಿಮೋಚನೆ'. ಮಗುವಿಗೆ ಶುಭಾಶಯ ಹೇಳುವಾಗಲೂ ನಮಗೆ ಶಾಪವೇ ಬೇಕಾಯಿತು.

ನಮ್ಮ ಮನೆಯ ಹೆಣ್ಣುಮಗಳಿಗೆ ಪಕ್ಕದ ಮನೆಯವರು ಇದೇ ಪ್ರಶ್ನೆ ಕೇಳಿದರೆ ನಮಗೆ ಎಷ್ಟು ಸಿಟ್ಟು ಬರುತ್ತದೆ! ಅರಮನೆಯ ವಿಷಯದಲ್ಲಿ ಅದು ಊರಿನ ಹಕ್ಕು.

ಸಾವಿನಲ್ಲೂ ಅಷ್ಟೇ. 2018ರ ವಿಜಯದಶಮಿ, ಅಕ್ಟೋಬರ್ 19. ಅವತ್ತು ಪ್ರಮೋದಾದೇವಿಯವರ ತಾಯಿ ತೀರಿಕೊಂಡರು. ಅದೇ ದಿನ ಶ್ರೀಕಂಠದತ್ತರ ಸೋದರಿ ವಿಶಾಲಾಕ್ಷಿದೇವಿಯವರೂ ಹೋದರು. ಅರಮನೆಯೊಳಗಿನ ವಿಧಿಗಳನ್ನು ನಿಲ್ಲಿಸಿದರು, ಜಟ್ಟಿ ಕಾಳಗ ಅಂದು ನಡೆಯಲಿಲ್ಲ. ಸರ್ಕಾರದ ಜಂಬೂಸವಾರಿ ಅದರ ಪಾಡಿಗೆ ಹೊರಟಿತು. ಹೊರಗೆ ಆನೆ, ಬ್ಯಾಂಡು, ಸ್ತಬ್ಧಚಿತ್ರ. ಒಳಗೆ ಸೂತಕ. ಒಂದೇ ಕಾಂಪೌಂಡು. ನಾಡಹಬ್ಬ ಬೇರೆ, ಮನೆತನ ಬೇರೆ ಅಂತ 1971ರ ಕಾನೂನು ಹೇಳಿದ್ದು ಕಣ್ಣಿಗೆ ಕಾಣುವ ಹಾಗೆ ಆದದ್ದು ಅವತ್ತೇ ಅನ್ನಿಸುತ್ತದೆ. ಆದರೂ ಜಟ್ಟಿ ಕಾಳಗ ನೋಡಲೆಂದೇ ದೂರದಿಂದ ಬಂದಿದ್ದ ನಮ್ಮ ನೆಂಟರೊಬ್ಬರು 'ಮೊದಲೇ ಹೇಳಬಾರದಿತ್ತಾ' ಅಂದರು. ಸಾವು ಮೊದಲೇ ಹೇಳಿ ಬರುತ್ತಾ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಂದುಕೊಳ್ಳಬೇಕಿಲ್ಲ. ಇಂಗ್ಲೆಂಡಿನಲ್ಲಿ 1997ರ ಆಗಸ್ಟ್ 31ರಂದು ಡಯಾನಾ ಸತ್ತಾಗ ರಾಣಿ ಎಲಿಜಬೆತ್ ಮೊಮ್ಮಕ್ಕಳ ಜೊತೆ ಸ್ಕಾಟ್ಲೆಂಡಿನಲ್ಲೇ ಉಳಿದರು. ತಾಯಿ ಸತ್ತ ಮಕ್ಕಳ ಜೊತೆ ಅಜ್ಜಿ ಇರುವುದರಲ್ಲಿ ತಪ್ಪೇನು? ಲಂಡನ್ನಿನ ಪತ್ರಿಕೆಗಳು ಒಪ್ಪಲಿಲ್ಲ, ಅರಮನೆಯ ಮೇಲೆ ಬಾವುಟ ಯಾಕೆ ಅರ್ಧಕ್ಕೆ ಇಳಿದಿಲ್ಲ ಅಂತ ಹಿಡಿದುಕೊಂಡವು. ಕೊನೆಗೆ ಅವರು ಲಂಡನ್ನಿಗೆ ಬಂದು ಸೆಪ್ಟೆಂಬರ್ 5ರಂದು ಟಿ.ವಿ.ಯಲ್ಲಿ ನೇರವಾಗಿ ಮಾತಾಡಬೇಕಾಯಿತು. 2024ರಲ್ಲಿ ರಾಜ ಚಾರ್ಲ್ಸರ ಸೊಸೆ ಕೇಟ್ ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಕಾಣಿಸದಿದ್ದಾಗ ಇಡೀ ಜಗತ್ತು ಪತ್ತೇದಾರಿಕೆಗೆ ಇಳಿಯಿತು. ಮಾರ್ಚ್ 22ರಂದು ಆಕೆ ಬೆಂಚಿನ ಮೇಲೆ ಕೂತು ತನಗೆ ಕ್ಯಾನ್ಸರ್ ಅಂತ ಹೇಳಿದ ಮೇಲೆ ಅವರಿಗೆಲ್ಲ ನಾಚಿಕೆಯಾಯಿತು. ಆದರೆ ಅಲ್ಲಿ ಒಂದು ಒಪ್ಪಂದ ಇದೆ. ಸರ್ಕಾರ ಅವರಿಗೆ ದುಡ್ಡು ಕೊಡುತ್ತದೆ, ಅವರು ಎಲ್ಲಿ ಹೋದರು, ಏನು ಉದ್ಘಾಟಿಸಿದರು ಅಂತ ದಿನಚರಿ ಪ್ರಕಟವಾಗುತ್ತದೆ. ರಾಣಿ ಸಾಯುವ ಎರಡು ದಿನ ಮುಂಚೆಯೂ ಹೊಸ ಪ್ರಧಾನಿಯನ್ನು ನೇಮಕ ಮಾಡಿದರು. ಅದು ಡ್ಯೂಟಿ. ನಮ್ಮಲ್ಲಿ ಆ ಥರದ ಡ್ಯೂಟಿ ಚಾರ್ಟ್ ಇಲ್ಲ, ಹಾಜರಾತಿ ಮಾತ್ರ ನಾವೇ ಹಾಕುತ್ತೇವೆ.

ಇಷ್ಟೆಲ್ಲ ಹೇಳಿದೆ ಅಂತ ಅರಮನೆಯವರನ್ನು ಪಾಪದವರು ಅಂತ ನಾನು ವಾದಿಸುತ್ತಿಲ್ಲ. ಅವರ ಆಸ್ತಿ ವಿಚಾರ ಸಣ್ಣದಲ್ಲ. ಬೆಂಗಳೂರು ಅರಮನೆಯ ಸುಮಾರು 470 ಎಕರೆಗೆ ಸರ್ಕಾರ 1996ರಲ್ಲೇ ಸ್ವಾಧೀನದ ಕಾನೂನು ಮಾಡಿತು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ದಶಕಗಳನ್ನು ದಾಟಿದೆ. ಚಾಮುಂಡಿ ಬೆಟ್ಟಕ್ಕೆ ಸರ್ಕಾರ 2024ರಲ್ಲಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರ ಮಾಡಿದಾಗ ಪ್ರಮೋದಾದೇವಿಯವರು ಹೈಕೋರ್ಟಿಗೆ ಹೋದರು. ನನಗೆ ಇಲ್ಲಿ ವಿಚಿತ್ರವಾಗಿ ಕಾಣುವುದು ಊರಿನವರ ನಿಲುವು. 'ಬೆಟ್ಟ ಉಳಿಸಿದ್ರು, ಇಲ್ಲದಿದ್ರೆ ಕಾಂಕ್ರೀಟು ತುಂಬ್ತಿದ್ರು' ಅಂತ ಹೊಗಳುವವರೇ, ಬೇರೆ ಜಾಗದ ವಿಷಯ ಬಂದರೆ 'ಇನ್ನೂ ಎಷ್ಟು ಬೇಕಂತೆ ಇವರಿಗೆ' ಅನ್ನುತ್ತಾರೆ. ಕೋರ್ಟಿಗೆ ಹೋಗುವುದು ಯಾರಿಗಾದರೂ ಇರುವ ಹಕ್ಕು. ಬೆಟ್ಟ ಉಳಿಯಬೇಕು ಅನ್ನುವ ಹೋರಾಟ ನಮ್ಮದೂ ಆಗಬಹುದಿತ್ತು ಅಲ್ವಾ? ಅವರು ನೋಡಿಕೊಳ್ಳುತ್ತಾರೆ ಬಿಡು ಅಂತ ಸುಮ್ನೆ ಕೂತವರಲ್ಲಿ ನಾನೂ ಇದ್ದೇನೆ, ನೀವೂ ಇದ್ದೀರಿ.

ಹೆಸರಿನ ಗಲಾಟೆಯೂ ಹೀಗೇ. 2024ರ ಕೊನೆಯಲ್ಲಿ ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ 'ಸಿದ್ದರಾಮಯ್ಯ ಆರೋಗ್ಯ ಮಾರ್ಗ' ಅಂತ ಹೆಸರಿಡುವ ಪ್ರಸ್ತಾಪ ಬಂತು. ಯದುವೀರರು ವಿರೋಧಿಸಿದರು, ಅದು ಪ್ರಿನ್ಸೆಸ್ ರಸ್ತೆ ಅಂದರು. ನಾಲ್ವಡಿಯವರ ಅಕ್ಕತಂಗಿಯರಲ್ಲಿ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಅವರ ಹೆಸರಿನಲ್ಲೇ ಅಲ್ಲಿ ಕ್ಷಯರೋಗದ ಆಸ್ಪತ್ರೆ ಕಟ್ಟಿಸಿದ್ದು, ನಾವೆಲ್ಲ ಪಿ.ಕೆ. ಸ್ಯಾನಟೋರಿಯಂ ಅನ್ನುವುದು ಅದನ್ನೇ. ಆ 'ಪಿ.ಕೆ.' ಒಬ್ಬ ಹೆಂಗಸು ಅಂತ ನಮ್ಮ ಬೀದಿಯಲ್ಲಿ ಬಹಳ ಜನಕ್ಕೆ ಗೊತ್ತಾದದ್ದೇ ಈ ಗಲಾಟೆಯಿಂದ. ಮನೆಯ ದುಃಖವೊಂದು ಊರಿಗೆ ಆಸ್ಪತ್ರೆಯಾಯಿತು. ಒಡವೆಯ ಕಥೆಗಿಂತ ನನಗೆ ಇದು ಹೆಚ್ಚು ಮುಟ್ಟುತ್ತದೆ, ಭಾಷಣದಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ರಾಜಕೀಯಕ್ಕೆ ಬಂದರೆ ಮೈಸೂರಿನ ಮತದಾರ ಅಷ್ಟೇನೂ ಭಾವುಕನಲ್ಲ. ಶ್ರೀಕಂಠದತ್ತರನ್ನು 1984, 1989, 1996, 1999ರಲ್ಲಿ ಕಾಂಗ್ರೆಸ್ಸಿನಿಂದ ಗೆಲ್ಲಿಸಿದ ಇದೇ ಜನ, 1991ರಲ್ಲಿ ಅವರು ಬಿಜೆಪಿಯಿಂದ ನಿಂತಾಗ ಸೋಲಿಸಿದರು. ಸೋಲಿಸಿದವರು ಚಂದ್ರಪ್ರಭಾ ಅರಸು, ದೇವರಾಜ ಅರಸರ ಮಗಳು. 2004ರಲ್ಲಿ ಮತ್ತೆ ಸೋಲು. ಬೆಳಿಗ್ಗೆ ಮತಗಟ್ಟೆಯಲ್ಲಿ ಅವರ ವಿರುದ್ಧ ಬಟನ್ ಒತ್ತಿ, ದಸರಾದಲ್ಲಿ ಕೈಮುಗಿಯಲು ಯಾರಿಗೂ ಅಡ್ಡಿಯಾಗಲಿಲ್ಲ. ಇದು ನನಗೆ ಬಹಳ ಆರೋಗ್ಯಕರವಾಗಿ ಕಾಣುತ್ತದೆ. 2024ರಲ್ಲಿ ಯದುವೀರರು ಮೈಸೂರು-ಕೊಡಗು ಕ್ಷೇತ್ರದಿಂದ ಬಿಜೆಪಿ ಅಭ್ಯರ್ಥಿಯಾಗಿ 1 ಲಕ್ಷ 39 ಸಾವಿರಕ್ಕೂ ಜಾಸ್ತಿ ಅಂತರದಿಂದ ಗೆದ್ದರು. ಪ್ರಚಾರದ ದಿನಗಳಲ್ಲಿ ಹೋಟೆಲ್ಲುಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ. ಚರಂಡಿ ಕಟ್ಟಿದೆ ಅಂತ ಮಹಾರಾಜರಿಗೆ ಫೋನ್ ಮಾಡೋಕಾಗುತ್ತಾ?

ಇದಕ್ಕೆ ಜವಾಬು ಹೇಳಬೇಕಾದವರು ಅವರು ಮಾತ್ರ ಅಲ್ಲ, ನಾವೂ ಹೌದು. ಸಂಸದರಾದ ಮೇಲೆ ಅವರಿಗೆ ಸಂಬಳ ಇದೆ, ಕಚೇರಿ ಇದೆ, ಕೇಳುವ ಕೆಲಸವೂ ಸ್ಪಷ್ಟವಾಗಿದೆ. ಲೋಕಸಭೆಯಲ್ಲಿ ಎಷ್ಟು ಮಾತಾಡಿದರು, ರೈಲಿಗೆ ಏನು ತಂದರು, ಕೊಡಗಿನ ಆನೆ ಹಾವಳಿಗೆ ಏನು ಮಾಡಿದರು ಅಂತ ಕೇಳಬಹುದು. 1971ರಿಂದ ಮೊದಲ್ಗೊಂಡು ನಾವು ಹಾಕುತ್ತಾ ಬಂದ ಬರೆದಿಡದ ಪಟ್ಟಿಗಿಂತ ಇದು ಎಷ್ಟೋ ಮೇಲು. ಆದರೆ ಊರಿನ ಜನ ಕೇಳುವುದು ಇದನ್ನಲ್ಲ. ಪೇಟ ಹಾಕಿದ್ರಾ, ಯಾರ ಪಕ್ಕ ಕೂತಿದ್ರು, ಕೆಳಗೆ ಕೂತು ಊಟ ಮಾಡಿದ್ರಂತೆ ನೋಡಿ ಎಷ್ಟು ಸರಳ. ಸರಳತೆಗೆ ಕೊಡುವ ಚಪ್ಪಾಳೆಯಲ್ಲಿ ಕೆಲಸದ ಲೆಕ್ಕ ಮುಳುಗಿಹೋದರೆ ನಷ್ಟ ನಮಗೇ.

ಮೊನ್ನೆ ಪಾಂಡವಪುರದಿಂದ ನಮ್ಮ ಮಾವ ಬಂದಿದ್ದರು. ಅಜ್ಜಿಯ ಮನೆಯ ಆ ಫೋಟೋ ಈಗ ಅವರ ಪಾಲಿಗೆ ಬಂದಿದೆ. ಮಾತು ಇಲ್ಲಿಗೇ ತಿರುಗಿತು.

'ಅಲ್ಲ ಕಣವ್ವ, ನಿಮ್ಮ ಎಂ.ಪಿ. ಕೆಲಸ ಮಾಡ್ಲಿಲ್ಲ ಅಂದ್ರೆ ನೀವು ಬೈಬೋದಾ?'

'ಬೈಬಹುದು ಮಾವ. ಓಟು ಹಾಕಿದೀವಲ್ಲ.'

'ದಸರಾ ಟೈಮಲ್ಲೂ?'

ನಾನು ಸ್ವಲ್ಪ ಯೋಚನೆ ಮಾಡಿದೆ. ಮಾವ ಕಾಯಲಿಲ್ಲ. 'ಕಂಕಣ ಬಿಚ್ಚೋಗಂಟ ತಡ್ಕಳಿ' ಅಂದರು, 'ಆಮ್ಯಾಕೆ ಬಡ್ಡಿ ಸೇರ್ಸಿ ಬೈಯಿ.'